ಗಾದಿಯಣ್ಣ ಗಡಿ ದಾಟಿದ್ದು

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಕೇಳಿದ್ದಾರೆ. ಗಾದಿಯಣ್ಣ ಕೊಯ್ದದ್ದು ಮೂಗನ್ನಲ್ಲ, ಒಬ್ಬ ಕಂಟ್ರಾಕ್ಟರನ ಕಾರಿನ ಸೀಟುಗಳನ್ನು. ಮೂಗಾದರೆ ಒಂದೇ ಇರುತ್ತದೆ, ಸೀಟು ಐದಿದ್ದವು.

ಗಾದಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಲಾರಿ ನಿಲ್ದಾಣದ ಡ್ರೈವರುಗಳು ಇಟ್ಟದ್ದು. ನಿಲ್ದಾಣದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಅವನು ಲಾರಿ, ಬಸ್ಸು, ಕಾರುಗಳಿಗೆ ಸೀಟು ಹೊಲಿಯುತ್ತಿದ್ದ. ರೆಕ್ಸಿನ್ ಕತ್ತರಿಸುವುದು, ಸ್ಪಂಜು ತುಂಬುವುದು, ಡಬ್ಬಣ ಹಿಡಿದು ಮೂಲೆ ಎಳೆದು ಕಟ್ಟುವುದು ಅವನ ಪಾಲು. ಯಂತ್ರದ ಹೊಲಿಗೆ ಹೆಂಡತಿಯ ಪಾಲು. ಬೈಗುಳವೂ ಹೆಂಡತಿಯ ಪಾಲೇ. ಆ ಕೆಲಸದಲ್ಲಿ ಅವಳ ಕೈಗುಣ ಇನ್ನೂ ಚೆನ್ನಾಗಿತ್ತು.

ಕಂಟ್ರಾಕ್ಟರು ಕಾರಿನ ಸೀಟುಗಳಿಗೆ ಹೊಸ ಸ್ಪಂಜು ತುಂಬಿಸಿಕೊಂಡು, ಒಮ್ಮೆ ಕೂತು, ಎರಡು ಸಲ ಕುಪ್ಪಳಿಸಿ, "ಒಳಗೆ ಹಳೇ ಸ್ಪಂಜೇ ತುರುಕಿದ್ದೀಯ" ಎಂದ. ಗಾದಿಯಣ್ಣ ತನ್ನನ್ನು ಬೈದರೆ ತಡೆದುಕೊಳ್ಳುತ್ತಾನೆ. ತನ್ನ ಕೆಲಸವನ್ನು ಬೈದರೆ ಪಿತ್ತ ನೆತ್ತಿಗೇರುತ್ತದೆ. ಒಂದು ಸೀಟು ಸೀಳಿ ಹೊಸ ಸ್ಪಂಜು ತೋರಿಸಿದ. "ಇದೊಂದರಲ್ಲಿ ಹೊಸದು ಹಾಕಿರ್ತೀಯ" ಎಂದ ಕಂಟ್ರಾಕ್ಟರು. ಉಳಿದ ನಾಲ್ಕನ್ನೂ ಸೀಳಿದ. ನಾಲ್ಕರಲ್ಲೂ ಹೊಸದೇ ಇತ್ತು. ಸತ್ಯ ಗೆದ್ದಿತು, ಸೀಟು ಸೋತವು. ಅಲ್ಲಿಗೇ ನಿಲ್ಲಿಸಿದ್ದರೆ ಜನ ಅವನ ಪರ ಮಾತಾಡುತ್ತಿದ್ದರು. ಆದರೆ ಕಾರಿನ ಛಾವಣಿಯ ಬಟ್ಟೆಯನ್ನೂ ಉದ್ದಕ್ಕೆ ಸೀಳಿಬಿಟ್ಟ.

"ಸೀಟು ಸೀಳಿದ್ದು ಸ್ಪಂಜು ತೋರಿಸೋಕೆ, ಸರಿ. ಛಾವಣಿ ಯಾಕಯ್ಯ ಸೀಳಿದೆ?" ಎಂದು ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೇಳಿದರು.

"ಕೈ ಇನ್ನೂ ನಿಂತಿರ್ಲಿಲ್ಲ ಸ್ವಾಮಿ" ಎಂದ ಗಾದಿಯಣ್ಣ.

ಮೊದಲ ತಪ್ಪು, ಒಪ್ಪಿಕೊಂಡಿದ್ದಾನೆ, ನಷ್ಟ ತುಂಬಿಕೊಡುತ್ತೇನೆ ಅನ್ನುತ್ತಿದ್ದಾನೆ ಎಂದು ಮ್ಯಾಜಿಸ್ಟ್ರೇಟರು ಆರು ತಿಂಗಳ ಜೈಲಿನ ಬದಲು ಒಂದು ವರ್ಷ ಪ್ರೊಬೇಷನ್ ಕೊಟ್ಟರು. ಎಂದರೆ ಜೈಲೇನೂ ತಪ್ಪಿಹೋಗಲಿಲ್ಲ, ಬಾಗಿಲ ಹೊರಗೆ ಕಾದು ಕೂತಿತು. ಮನೆಯಲ್ಲೇ ಇರು, ದುಡಿದು ತಿನ್ನು, ಜಗಳ ಆಡಬೇಡ, ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ ಮುಂದೆ ಬಂದು ಮುಖ ತೋರಿಸು, ಅಪ್ಪಣೆ ಇಲ್ಲದೆ ರಾಜ್ಯದ ಗಡಿ ದಾಟಬೇಡ. ದಾಟಿದೆಯೋ, ಆ ಆರು ತಿಂಗಳು ಒಳಗೆ.

ಮನೆಯಲ್ಲಿರುವುದು, ದುಡಿಯುವುದು ಅವನಿಗೆ ಹೊಸದಲ್ಲ. ಜಗಳ ಬಿಡುವುದು ಕಷ್ಟವಿತ್ತು, ಬಿಟ್ಟ. ಗಿರಾಕಿ ಏನಾದರೂ ಎತ್ತಿ ಆಡಿದರೆ ಕತ್ತರಿ ಕೆಳಗಿಟ್ಟು ಶೆಡ್ಡಿನ ಹಿಂದೆ ಹೋಗಿ ಹಳೇ ಟೈರಿಗೆ ಎರಡು ಒದ್ದು ಬರುತ್ತಿದ್ದ. ಎದೆಗೆ ಮುಳ್ಳಾದದ್ದು ಕೊನೆಯ ಷರತ್ತು. ಗಡಿಯಾಚೆ ಅವನ ಅಕ್ಕ ಇದ್ದಳು, ಮತ್ತು ಅಕ್ಕನಿಗೆ ಮದುವೆ ಗೊತ್ತಾಗಿತ್ತು.

ಅಕ್ಕನಿಗೆ ಐವತ್ತೆಂಟು ವರ್ಷ. ನಗಬೇಡಿ, ಇದು ಅವಳ ಮೊದಲನೇ ಮದುವೆ. ಅಪ್ಪ ಅಮ್ಮ ಹೋದಾಗ ತಮ್ಮ ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸಿನವನು, ಅಕ್ಕ ಮೊಣಕಾಲೆತ್ತರದ ಪೆಟ್ಟಿಗೆಯ ಮೇಲೆ ನಿಂತು ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ತೀಡುತ್ತಿದ್ದವಳು. ಬಂದ ಸಂಬಂಧಗಳನ್ನೆಲ್ಲ "ಇವನೊಂದು ದಡ ಸೇರ್ಲಿ" ಎಂದು ವಾಪಸು ಕಳಿಸಿದಳು. ಅವನು ದಡ ಸೇರಿ, ಶೆಡ್ಡು ಹಾಕಿ, ಮದುವೆಯಾಗುವ ಹೊತ್ತಿಗೆ ಸಂಬಂಧಗಳು ಬರುವುದು ನಿಂತಿತ್ತು. ಅಕ್ಕ ಅದನ್ನು ಎಂದೂ ಆಡಿ ತೋರಿಸಲಿಲ್ಲ. ಗಡಿಯಾಚೆಯ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದು ಹೊರಟುಹೋದಳು.

ಆ ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರು, "ಈ ಹಾಸಿಗೆ ಬಟ್ಟೆಗೆ ಇಷ್ಟು ಚೆನ್ನಾಗಿ ಇಸ್ತ್ರಿ ಹಾಕೋರು ಯಾರು?" ಎಂದು ಕೇಳಿದ್ದೇ ನೆಪ. ಹೆಂಡತಿ ತೀರಿಕೊಂಡು ಒಬ್ಬನೇ ಇದ್ದ ಮನುಷ್ಯ. ಕಾಲು ಕೂಡಿಕೊಂಡ ಮೇಲೂ ಆಸ್ಪತ್ರೆಗೆ ಬರುವುದು ನಿಲ್ಲಿಸಲಿಲ್ಲ. ಇಬ್ಬರೂ ಅದೇ ಊರಿನಲ್ಲಿ ನೆಲೆಸಿದ್ದರಿಂದ ಅಲ್ಲಿಯ ನೋಂದಣಿ ಕಚೇರಿಯಲ್ಲೇ ಮದುವೆ ಎಂದು ಗೊತ್ತು ಮಾಡಿಕೊಂಡರು. ಅಷ್ಟರಲ್ಲಿ ಈ ತಮ್ಮ ಹೋಗಿ ಕಾರಿನ ಛಾವಣಿ ಸೀಳಿದ.

"ನನ್ನ ತಮ್ಮ ಪಕ್ಕದಲ್ಲಿ ನಿಲ್ಲದೆ ನಾನು ಸಹಿ ಹಾಕಲ್ಲ. ಅವನ ವರ್ಷ ಮುಗೀಲಿ" ಎಂದಳು ಅಕ್ಕ. ಕಂಡಕ್ಟರು ಒಳ್ಳೆಯವನು. "ಮೂವತ್ತು ವರ್ಷ ಜನಕ್ಕೆಲ್ಲ ಸ್ವಲ್ಪ ತಾಳಿ, ಸ್ವಲ್ಪ ತಾಳಿ ಅಂದಿದ್ದೀನಿ. ಈಗ ನಾನು ತಾಳ್ತೀನಿ ಬಿಡು" ಎಂದ.

ಫೋನಿನಲ್ಲಿ ಇದನ್ನು ಕೇಳಿದ ದಿನ ಗಾದಿಯಣ್ಣ ಊಟ ಮಾಡಲಿಲ್ಲ. ನನಗಾಗಿ ಒಂದು ಹರೆಯವನ್ನೇ ಕಾದವಳು, ಈ ಮುಪ್ಪಿನಲ್ಲಿ ಇನ್ನೊಂದು ವರ್ಷವನ್ನೂ ಕಾಯುವ ಹಾಗೆ ಮಾಡಿದೆನಲ್ಲ ಎಂದು ಕುದ್ದುಹೋದ. ಹೋಗಿ ಅಪ್ಪಣೆ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಆ ಮಾತು ಅವನ ತಲೆಗೆ ಹೊಳೆಯಲೇ ಇಲ್ಲ. "ಯಾರ ಹತ್ರಾನೂ ಏನೂ ಕೇಳ್ಬೇಡ. ಇದ್ರೆ ತಿನ್ನೋಣ, ಇಲ್ದಿದ್ರೆ ನೀರು ಕುಡಿದು ಮಲಗೋಣ" ಎಂದು ಅಕ್ಕನೇ ಸಾಕಿದ ಹುಡುಗ. ಬಸ್ಸಿನಲ್ಲಿ ನಿಂತು ನಿಂತು ಕಾಲು ನೋಯುತ್ತಿದ್ದರೂ ಸ್ವಲ್ಪ ಸರೀರಿ ಎಂದು ಕೇಳದವನು. ಅಂಥವನು ಹೋಗಿ ಆಫೀಸರನ್ನು ಕೇಳಿಯಾನೇ?

ಆಫೀಸರು ಒಬ್ಬ ಹೆಂಗಸು. ಮುಖದ ನಗುವನ್ನು ಯಾರೋ ಮಡಚಿ ಬೀರುವಿನಲ್ಲಿಟ್ಟ ಹಾಗಿದ್ದರು. ಪ್ರತಿ ತಿಂಗಳೂ ಅವರ ಪ್ರಶ್ನೆಗಳು ನಾಲ್ಕೇ. ಕೆಲಸ ನಡೀತಿದೆಯಾ, ಜಗಳ ಆಡಿದ್ಯಾ, ಊರಲ್ಲೇ ಇದ್ದೀಯಾ, ಏನಾದ್ರೂ ಕೇಳೋದಿದೆಯಾ? ಗಾದಿಯಣ್ಣನ ಉತ್ತರಗಳೂ ನಾಲ್ಕೇ. ಹೌದು ಮೇಡಂ, ಇಲ್ಲ ಮೇಡಂ, ಹೌದು ಮೇಡಂ, ಏನೂ ಇಲ್ಲ ಮೇಡಂ. ಅವನು ಕೂರುವ ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಹೊಲಿದುಕೊಡಲೇ ಎಂದರೆ ಲಂಚ ಅಂದಾರು ಎಂದು ಬೆರಳುಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದ.

ಹೀಗೆ ವರ್ಷ ಸವೆಯಿತು. ಇನ್ನು ಕೆಲವೇ ವಾರ ಉಳಿದವು. ಅಕ್ಕ ದಿನ ಗೊತ್ತು ಮಾಡಿ, ನೋಂದಣಿ ಕಚೇರಿಯಲ್ಲಿ ತಿಳಿಸಿಯೂ ಆಯಿತು. ಖುಷಿಗೆ ಗಾದಿಯಣ್ಣನಿಗೆ ನಿದ್ದೆ ಹಾರಿಹೋಯಿತು. ರಾತ್ರಿಯೆಲ್ಲ ಹೊರಳಾಡಿ, ಹೆಂಡತಿಯನ್ನು ಎಬ್ಬಿಸಿ, "ಅಕ್ಕನಿಗೆ ಉಡುಗೊರೆ ಏನು ಕೊಡೋಣ?" ಎಂದು ಕೇಳುತ್ತಿದ್ದ. "ನನಗೆ ನಿದ್ದೆ ಕೊಡ್ರೀ ಮೊದಲು" ಎನ್ನುತ್ತಿದ್ದಳು ಅವಳು.

ಈಗ ಅವನ ಕೆಲಸದ ಒಂದು ಕಟ್ಟಳೆ ಹೇಳಬೇಕು. ದೂರ ಹೋಗುವ ಲಾರಿಗಳಲ್ಲಿ ಡ್ರೈವರನ ಸೀಟಿನ ಹಿಂದೆ ಮಲಗುವುದಕ್ಕೆ ಒಂದು ಅಡ್ಡ ಮೆತ್ತೆ ಇರುತ್ತದೆ, ಮುಂದೆ ಒಂದು ಪರದೆ. ಕೆಲಸ ಕಲಿಸಿದ ಗುರು ಗಾದಿಯಣ್ಣನಿಗೆ ಹೇಳಿದ್ದ, ಮೆತ್ತೆ ಹೊಲಿದವನೇ ಮೊದಲು ಮಲಗಿ ನೋಡಬೇಕು, ಒತ್ತುವ ಕಡೆ ಅವನ ಬೆನ್ನಿಗೇ ಒತ್ತಬೇಕು. ಹಾಗಾಗಿ ಪ್ರತಿ ಮೆತ್ತೆ ಮುಗಿದಾಗಲೂ ಗಾದಿಯಣ್ಣ ಅದರ ಮೇಲೆ ಒಂದು ಗಳಿಗೆ ಪರದೆ ಎಳೆದು ಮಲಗುತ್ತಿದ್ದ. ನಿಲ್ದಾಣದ ಡ್ರೈವರುಗಳಿಗೆಲ್ಲ ಇದು ಗೊತ್ತು. ಅವನು ಇಳಿಯುವವರೆಗೂ ಯಾರೂ ಚಾವಿ ಮುಟ್ಟುತ್ತಿರಲಿಲ್ಲ.

ಆ ದಿನದ ಲಾರಿಯ ಡ್ರೈವರ್ ನಿಲ್ದಾಣಕ್ಕೆ ಹೊಸಬ. ಹಾಡುವ ಚಟದವನು, ಎಲ್ಲರೂ ಅವನನ್ನು ಹಾಡುಗಾರ ಎನ್ನುತ್ತಿದ್ದರು. ಹಾಡು ಕೇಳಿದವರು ಬೇರೆ ಹೆಸರಿಂದಲೂ ಕರೆಯುತ್ತಿದ್ದರು. ಊಟ ಮುಗಿಸಿ ಬಂದ. ಶೆಡ್ಡಿನಲ್ಲಿ ಯಾರೂ ಇಲ್ಲ. ಹೆಂಡತಿ ದಾರದ ಉಂಡೆ ತರಲು ಹೋಗಿದ್ದಳು. ಹೊಸ ಮೆತ್ತೆಯ ಪರದೆ ಅಚ್ಚುಕಟ್ಟಾಗಿ ಎಳೆದಿತ್ತು. ಕೆಲಸ ಮುಗಿದಿದೆ ಎಂದುಕೊಂಡು ಲಾರಿ ಹತ್ತಿದ, ಚಾವಿ ತಿರುಗಿಸಿದ, ಹಾಡಲು ಶುರು ಮಾಡಿದ.

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ. ಗಾದಿಯಣ್ಣನ ನಿದ್ದೆಗೆ ಸುಖವೂ ಸಿಕ್ಕಿತ್ತು, ವಾರಗಟ್ಟಲೆಯ ಬಾಕಿಯೂ ಇತ್ತು. ಹಾರ್ನಿಗೆ ಏಳಲಿಲ್ಲ, ಹಾಡಿಗೆ ಏಳಲಿಲ್ಲ, ಗಡಿಯ ತಪಾಸಣೆ ಗೇಟಿನ ಗಲಾಟೆಗೂ ಏಳಲಿಲ್ಲ. ಬದಲಿಗೆ ಗೊರಕೆ ಹೊಡೆದ. ಹಾಡುಗಾರ ಗೇರ್‌ಬಾಕ್ಸ್ ಕೆಟ್ಟಿತೆಂದು ಹೆದರಿ ದಾರಿಬದಿಯ ಮೆಕ್ಯಾನಿಕ್ಕನ ಮುಂದೆ ಲಾರಿ ನಿಲ್ಲಿಸಿದ. ಮೆಕ್ಯಾನಿಕ್ಕು ಇಂಜಿನ್ ಓಡುತ್ತಿರುವಾಗಲೇ ಕಿವಿಗೊಟ್ಟು ಕೇಳಿ, "ಗೇರ್‌ಬಾಕ್ಸೇ, ಅನುಮಾನವೇ ಇಲ್ಲ. ಮೆಲ್ಲಗೆ ಓಡ್ಸಿ" ಎಂದ. ಲಾರಿ ಮೆಲ್ಲಗೆ ಓಡಿತು. ತೊಟ್ಟಿಲು ತೂಗಿದಂತಾಗಿ ಗಾದಿಯಣ್ಣನ ನಿದ್ದೆ ಇನ್ನೂ ಗಟ್ಟಿಯಾಯಿತು.

ಎಚ್ಚರವಾದಾಗ ಸಂಜೆ ಬಿಸಿಲು. ಲಾರಿ ಯಾವುದೋ ಗೋದಾಮಿನ ಮುಂದೆ ನಿಂತಿತ್ತು. ಪರದೆ ಸರಿಸಿ ಹೊರಗೆ ನೋಡಿದ. ಮುಂದೆ ನಿಂತ ವಾಹನಗಳ ನಂಬರ್ ಫಲಕದಲ್ಲೆಲ್ಲ ಪಕ್ಕದ ರಾಜ್ಯದ ಅಕ್ಷರಗಳು. ತಲೆಯೆತ್ತಿದರೆ ದೂರದಲ್ಲಿ ಕೆಂಪು ಪಟ್ಟೆಯ ನೀರಿನ ಟ್ಯಾಂಕು. ಅಕ್ಕನ ಮನೆಯ ಕಿಟಕಿಯಿಂದ ಕಾಣುವ ಟ್ಯಾಂಕು ಅದು! ಗಾದಿಯಣ್ಣನ ಬಾಯಿಂದ ಹೊರಟ ಸದ್ದಿಗೆ ಹಾಡುಗಾರ ಹೌಹಾರಿ ಲಾರಿಯಿಂದ ಕೆಳಗೆ ಜಿಗಿದ.

"ನೀವು... ನೀವ್ಯಾವಾಗ ಹತ್ತಿದ್ರಿ?"

"ನಾನು ಇಳಿದೇ ಇರ್ಲಿಲ್ಲ ಮಾರಾಯ!" ಎಂದು ಗಾದಿಯಣ್ಣ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟ. ಪ್ರೊಬೇಷನ್ ಕಥೆಯನ್ನೆಲ್ಲ ಹೇಳಿದ. ಹಾಡುಗಾರನ ಹಾಡೆಲ್ಲ ಒಣಗಿಹೋಯಿತು.

ಅವನ ಫೋನಿನಿಂದ ಹೆಂಡತಿಗೆ ಕರೆ ಹೋಯಿತು. ಗಂಡ ಮಾಯವಾದನೆಂದು ಅವಳು ನಿಲ್ದಾಣದ ಒಂದೊಂದು ಲಾರಿಯ ಕೆಳಗೂ ಬಗ್ಗಿ ನೋಡಿ ಸುಸ್ತಾಗಿದ್ದಳು.

"ಎಲ್ಲಿದ್ದೀರಿ?"

"ಅಕ್ಕನ ಊರಲ್ಲಿ."

ಆ ಕಡೆಯಿಂದ ಬಂದದ್ದೆಲ್ಲವನ್ನೂ ಬರೆಯುವಂತಿಲ್ಲ. ಕೊನೆಗೆ, "ಬೇಗ ಬನ್ರೀ" ಎಂದಳು.

ಹಾಡುಗಾರ ಪಾಪ, ಉಪಾಯ ಹೇಳಿದ. "ಅಣ್ಣ, ನಾಳೆ ನಾನು ವಾಪಸ್ ಹೋಗ್ತೀನಿ. ಪರದೆ ಎಳ್ಕೊಂಡು ಮಲ್ಕೊಳ್ಳಿ, ಎತ್ತಿದ ಜಾಗದಲ್ಲೇ ಇಳಿಸ್ತೀನಿ. ನಾನಂತೂ ಬಾಯಿ ಬಿಡಲ್ಲ. ನೋಡಿದೋರು ಯಾರು? ಹೇಗೂ ಬಂದಾಯ್ತು, ಇವತ್ತು ಅಕ್ಕನ ಮನೇಲಿ ಉಳ್ಕೊಳ್ಳಿ."

ಅಕ್ಕನ ಮನೆ ಬಸ್ಸಿನಲ್ಲಿ ಎರಡು ಸ್ಟಾಪು. ಗಾದಿಯಣ್ಣ ಬಸ್ ನಿಲ್ದಾಣಕ್ಕೆ ಹೋಗಿ ನಿಂತ. ಆ ಕಡೆಗೆ ಹೋಗುವ ಬಸ್ಸು ಬಂದು ಬಾಗಿಲು ತೆರೆಯಿತು. ಬಾಗಿಲು ಬಡಿದರೆ ಅಕ್ಕ ತೆರೆಯುತ್ತಾಳೆ, ಕೈ ಒರೆಸಿಕೊಳ್ಳುತ್ತಾ "ಅಯ್ಯೋ ನೀನಾ!" ಎನ್ನುತ್ತಾಳೆ. ಅವನ ಕಾಲು ಒಂದು ಹೆಜ್ಜೆ ಎತ್ತಿತು. ಆಮೇಲೆ ಅವನೇ ಆ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಬಸ್ಸು ಹೋಯಿತು. ರಸ್ತೆ ದಾಟಿ ಎದುರಿನ ಸ್ಟಾಪಿಗೆ ಹೋಗಿ, ಗಡಿಯ ಕಡೆಗೆ ಹೋಗುವ ಬಸ್ಸು ಹತ್ತಿದ. ಕೂರಲು ಸೀಟು ಖಾಲಿಯಿದ್ದರೂ ನಿಂತೇ ಬಂದ. ಆ ದಿನಕ್ಕೆ ಮೆತ್ತೆಯ ಸಹವಾಸ ಸಾಕಾಗಿತ್ತು.

ಮರುದಿನ ಬೆಳಗ್ಗೆ ಪ್ರೊಬೇಷನ್ ಕಚೇರಿಯ ಬಾಗಿಲು ತೆರೆಯುವ ಮೊದಲೇ ಗಂಡ ಹೆಂಡತಿ ಮೆಟ್ಟಿಲ ಮೇಲೆ ಇದ್ದರು. ಆಫೀಸರು ಒಳಗೆ ಕರೆದರು.

"ಇವತ್ತು ನಿನ್ನ ದಿನ ಅಲ್ವಲ್ಲ. ಏನು ಬಂದೆ?"

"ಗಡಿ ದಾಟಿಬಿಟ್ಟೆ ಮೇಡಂ." ಮದುವೆಯ ಮಾತೊಂದು ಬಿಟ್ಟು ಎಲ್ಲವನ್ನೂ ಹೇಳಿದ. ಕಥೆ ಹೇಳುತ್ತಾ ಹೇಳುತ್ತಾ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಮಲಗಿದ್ದನಂತೆ, ಲಾರಿ ಹೊರಟಿತಂತೆ, ಎದ್ದರೆ ಬೇರೆ ರಾಜ್ಯವಂತೆ, ಅದೂ ಅಕ್ಕನ ಊರಂತೆ!

ಆಫೀಸರು ಪೆನ್ನು ಕೆಳಗಿಟ್ಟರು. "ಹಾರ್ನು, ಇಂಜಿನ್ನು, ಚೆಕ್‌ಪೋಸ್ಟು. ಯಾವುದಕ್ಕೂ ಎಚ್ಚರ ಆಗ್ಲಿಲ್ಲ. ಇದನ್ನ ನಾನು ಕೋರ್ಟಲ್ಲಿ ಹೇಳಿದ್ರೆ ನಗ್ತಾರೆ. ಷರತ್ತು ಮುರಿದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಮೇಡಂ. ಆರು ತಿಂಗಳು." ಅವನಿಗೆ ಜೈಲಿನ ಭಯಕ್ಕಿಂತ ಇನ್ನೊಂದು ಭಯವಿತ್ತು. ಅಕ್ಕ ಮತ್ತೆ ಮದುವೆ ಮುಂದೂಡುತ್ತಾಳೆ, ಖಂಡಿತ ಮುಂದೂಡುತ್ತಾಳೆ. ಇನ್ನೊಂದು ಸಲ ನನ್ನಿಂದಲೇ ಅವಳು ಸಂಸಾರ ಹೂಡುವುದು ನಿಲ್ಲುತ್ತದೆ.

"ನಿಮ್ಗೆ ನಂಬಿಕೆ ಇಲ್ದಿದ್ರೆ ನೀವೇ ಒಂದ್ಸಲ ಮಲಗಿ ನೋಡಿ ಮೇಡಂ" ಎಂದುಬಿಟ್ಟ. ಹೆಂಡತಿ ಅವನ ತೋಳನ್ನು ಹೇಗೆ ಚಿವುಟಿದಳೆಂದರೆ ಅದರ ಗುರುತು ಮದುವೆಯ ದಿನದವರೆಗೂ ಇತ್ತು.

ಆಫೀಸರು ಬೈಯಲಿಲ್ಲ. ಹಾಡುಗಾರನ ಲಾರಿ ಯಾವಾಗ ಬರುತ್ತದೆಂದು ಕೇಳಿಕೊಂಡರು. ಅದು ಬಂದ ದಿನ, ಮಧ್ಯಾಹ್ನದ ಊಟ ಮುಗಿಸಿ ಸೀದಾ ನಿಲ್ದಾಣಕ್ಕೆ ಬಂದರು. ಡ್ರೈವರುಗಳೆಲ್ಲ ಚಹಾದ ಲೋಟ ಹಿಡಿದು ಸುತ್ತ ನೆರೆದರು. ಆಫೀಸರು ಚಪ್ಪಲಿ ಬಿಟ್ಟು ಲಾರಿ ಹತ್ತಿ, ಮೆತ್ತೆಯ ಮೇಲೆ ಮಲಗಿ, ಪರದೆ ಎಳೆದುಕೊಂಡು, ಒಳಗಿನಿಂದ ಆಜ್ಞೆ ಕೊಟ್ಟರು. "ಇಂಜಿನ್ ಹಾಕು. ಈ ಅಂಗಳದಲ್ಲೇ ಸುತ್ತು ಹೊಡಿ. ಹಾರ್ನೂ ಮಾಡು. ಹಾಡ್ತೀಯಂತಲ್ಲ, ಹಾಡು."

ಹಾಡುಗಾರ ಒಂದು ಸುತ್ತು ಹೊಡೆದ. ಎರಡು ಸುತ್ತು ಹೊಡೆದ. ಹಾಡೊಂದು ಪೂರ್ತಿ ಮುಗಿಯಿತು. ನಿಲ್ಲಿಸಿ ಇಂಜಿನ್ ಆರಿಸಿದ. ಪರದೆಯ ಹಿಂದಿನಿಂದ ಮಾತಿಲ್ಲ.

"ಮೇಡಂ?"

ಉತ್ತರವಾಗಿ ಒಂದು ಸಣ್ಣ, ಮರ್ಯಾದಸ್ಥ ಗೊರಕೆ ಬಂತು.

ಎಬ್ಬಿಸುವವರು ಯಾರು? ಒಬ್ಬರ ಮುಖ ಒಬ್ಬರು ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ ಎಲ್ಲ ಕಾಲಕ್ಕೂ ಒಂದೇ. ಗಾದಿಯಣ್ಣನ ಹೆಂಡತಿ ಮುಂದೆ ಬಂದು ಹಾಡುಗಾರನ ಕೈಯಿಂದ ಚಾವಿ ಕಿತ್ತುಕೊಂಡು, "ಮೊದಲು ಇದು ನನ್ನ ಹತ್ರ ಇರ್ಲಿ. ಆಫೀಸರಮ್ಮನ್ನೂ ಗಡಿ ದಾಟಿಸಿಬಿಟ್ಟೀಯ!" ಎಂದಳು. ನಿಲ್ದಾಣವೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು. ಆಫೀಸರು ತಾವಾಗಿ ಎದ್ದಾಗ ಲಾರಿಗಳ ನೆರಳು ಉದ್ದವಾಗಿತ್ತು. ಕೆಳಗಿಳಿದು, ಕೂದಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿದರು. ಆಮೇಲೆ ಬೀರುವಿನಿಂದ ತೆಗೆದಂತೆ ಒಂದು ನಗು ಬಂತು.

"ಮೂರು ವರ್ಷದಿಂದ ಸೊಂಟ ನೋವಯ್ಯ ನನಗೆ" ಎಂದರು. "ಹೀಗೆ ಮಲಗಿ ಎಷ್ಟು ಕಾಲವಾಯ್ತೋ."

ವಿಚಾರಣೆಯ ದಿನ ಕೋರ್ಟಿನಲ್ಲಿ ಆಫೀಸರು ಆದದ್ದನ್ನು ಆದ ಹಾಗೆ ಹೇಳಿದರು, ತಾವು ಮಲಗಿದ್ದನ್ನೂ ಮುಚ್ಚಿಡಲಿಲ್ಲ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹಾಡುಗಾರನನ್ನು ಕರೆದರು.

"ಗೇರ್‌ಬಾಕ್ಸ್ ಸದ್ದು ಮಾಡ್ತಿತ್ತು ಅಂತ ಮಾಲೀಕರಿಗೂ ಫೋನ್ ಮಾಡಿದ್ದೆ ಸ್ವಾಮಿ" ಎಂದ ಹಾಡುಗಾರ. "ಇವ್ರು ಎದ್ದು ಕೂತ್ರು, ಗೇರ್‌ಬಾಕ್ಸು ತಾನಾಗೇ ಸರಿಹೋಯ್ತು."

ವಕೀಲರೆಲ್ಲ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಗಾದಿಯಣ್ಣನ ಕಡೆ ತಿರುಗಿದರು.

"ಲಾರಿ ನಿಂತ ಜಾಗಕ್ಕೂ ನಿನ್ನ ಅಕ್ಕನ ಮನೆಗೂ ಎಷ್ಟು ದೂರ?"

"ಎರಡು ಸ್ಟಾಪು ಸ್ವಾಮಿ."

"ಹೋಗಿದ್ಯಾ?"

"ಇಲ್ಲ."

"ಯಾಕೆ? ಹೇಗೂ ಗಡಿ ದಾಟಿ ಆಗಿತ್ತಲ್ಲ."

"ಅಲ್ಲೀವರೆಗೂ ಬಂದಿದ್ದು ಲಾರಿ ಸ್ವಾಮಿ. ಅಕ್ಕನ ಮನೆಗೆ ಹೋಗಿದ್ರೆ, ಬಂದಿದ್ದು ನಾನಾಗಿಬಿಡ್ತಿದ್ದೆ."

ಮ್ಯಾಜಿಸ್ಟ್ರೇಟರು ಆ ಮಾತನ್ನು ಬರೆದುಕೊಂಡರು. ಜೈಲಿನ ಅಗತ್ಯ ಕಾಣುವುದಿಲ್ಲ ಎಂದರು. ಆದರೆ ಗಡಿ ದಾಟಿದ್ದು ದಾಟಿದ್ದೇ. ಇಂಥ ಷರತ್ತು ಇರುವವನು ಹೊರಡುವ ಲಾರಿಯಲ್ಲಿ ಯಾರಿಗೂ ಹೇಳದೆ ಮಲಗಬಾರದಿತ್ತು. ಪ್ರೊಬೇಷನ್ ಇನ್ನು ನಾಲ್ಕು ತಿಂಗಳು ಮುಂದುವರಿಯಲಿ ಎಂದು ತೀರ್ಮಾನಿಸಿದರು.

ಬೀಸುವ ದೊಣ್ಣೆ ತಪ್ಪಿತಲ್ಲ ಎಂದು ಎಲ್ಲರೂ ಉಸಿರು ಬಿಟ್ಟರು. ಗಾದಿಯಣ್ಣನ ಮುಖ ಮಾತ್ರ ಬಾಡಿ ಸೊಪ್ಪಾಯಿತು. ನಾಲ್ಕು ತಿಂಗಳು ಎಂದರೆ ಮದುವೆಯ ದಿನ ದಾಟಿಹೋಗುತ್ತದೆ. ಅಕ್ಕ ಮತ್ತೆ ಕಾಯುತ್ತಾಳೆ.

"ಇನ್ನೇನಯ್ಯ? ಏನಾದ್ರೂ ಹೇಳೋದಿದೆಯಾ?" ಎಂದರು ಮ್ಯಾಜಿಸ್ಟ್ರೇಟರು.

ಏನೂ ಇಲ್ಲ ಸ್ವಾಮಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಬೆಂಚಿನಿಂದ ಹೆಂಡತಿ ಪಿಸುಗುಟ್ಟಿದಳು. ಅವಳ ಪಿಸುಮಾತು ಮೂರು ಕೋಣೆಗೆ ಕೇಳಿಸುತ್ತದೆ. "ಕೇಳ್ರೀ! ಒಂದ್ಸಲ ಬಾಯಿ ಬಿಟ್ಟು ಕೇಳ್ರೀ!"

ಗಾದಿಯಣ್ಣ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸ್ವಾಮಿ... ನಮ್ಮಕ್ಕನ ಮದುವೆ ಇದೆ. ಆಚೆ ರಾಜ್ಯದಲ್ಲಿ. ನಾನಿಲ್ದೆ ಅವಳು ಆಗಲ್ಲ ಅಂತಾಳೆ. ಒಂದು ದಿನ ಹೋಗಿ ಬರ್ತೀನಿ. ಅಪ್ಪಣೆ ಕೊಡಿ."

ಮ್ಯಾಜಿಸ್ಟ್ರೇಟರು ಆಫೀಸರ ಕಡೆ ನೋಡಿದರು. "ಇವನು ಮೊದಲು ಕೇಳಿದ್ನಾ?"

"ಪ್ರತಿ ತಿಂಗಳೂ ಏನಾದ್ರೂ ಕೇಳೋದಿದೆಯಾ ಅಂತ ನಾನೇ ಕೇಳ್ತಿದ್ದೆ ಸರ್. ಚಿಕ್ಕಮ್ಮನ ಮಗಳ ಹುಟ್ಟುಹಬ್ಬಕ್ಕೆ ಅಂತ ಕೇಳೋರಿದ್ದಾರೆ, ಮೀನು ಹಿಡಿಯೋಕೆ ಅಂತ ಕೇಳೋರಿದ್ದಾರೆ. ಈ ಮನುಷ್ಯ ಬಾಯೇ ಬಿಡ್ಲಿಲ್ಲ. ಮದುವೆ ವಿಷ್ಯ ನನಗೆ ಈಗಷ್ಟೇ ಗೊತ್ತಾಗ್ತಿದೆ."

"ಅಲ್ಲಯ್ಯ," ಎಂದರು ಮ್ಯಾಜಿಸ್ಟ್ರೇಟರು, ಈಗ ಅವರಿಗೂ ನಗು ತಡೆಯಲಿಲ್ಲ, "ಕೇಳಿದ್ರೆ ಹೋದ ವರ್ಷವೇ ಕೊಡ್ತಿದ್ದೆನಲ್ಲ! ಮೂರು ದಿನ ತಗೋ. ಹೋಗುವಾಗ ಸೀಟಿನ ಮೇಲೆ ಕೂತ್ಕೊಂಡು ಹೋಗು."

ಆ ಸುದ್ದಿ ಫೋನಿನಲ್ಲಿ ಗಡಿಯಾಚೆ ಹೋದಾಗ ಕಂಡಕ್ಟರ ಮೊದಲ ಮಾತು, "ಹೋದ ವರ್ಷವೇ ಕೊಡ್ತಿದ್ರಾ? ಒಂದು ವರ್ಷ ನನ್ನನ್ನ ಫುಟ್‌ಬೋರ್ಡ್ ಮೇಲೆ ನಿಲ್ಲಿಸಿದೆಯಲ್ಲೋ ಪುಣ್ಯಾತ್ಮ!" ಎನ್ನುವುದು. ಆಮೇಲೆ ಅವನು ನಕ್ಕ ನಗು ಶೆಡ್ಡಿನ ತಗಡಿಗೆಲ್ಲ ತಾಗಿತು. ಅಕ್ಕ ಮಾತ್ರ ನಗಲಿಲ್ಲ. "ಕೇಳ್ಬೇಡ ಅಂತ ಕಲಿಸಿದ್ದು ನಾನೇ ಅಲ್ವೇನೋ" ಎಂದಳು ಮೆಲ್ಲಗೆ. ಗಾದಿಯಣ್ಣ, ನೋಂದಣಿ ಕಚೇರಿಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ವಿಚಾರಿಸಿದ.

ಮದುವೆಗೆ ನೋಂದಣಿ ಕಚೇರಿಯಲ್ಲಿ ಹಿಡಿದದ್ದು ಕಾಲು ಗಂಟೆ. ಅಕ್ಕ ತಾನೇ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದಳು. ಅದರ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದಿತ್ತು. ಆಸ್ಪತ್ರೆಯ ಒಗೆಯುವ ವಿಭಾಗದ ಹೆಂಗಸರು ಬಂದಿದ್ದರು, ಹಳೆಯ ಡ್ರೈವರು ಕಂಡಕ್ಟರುಗಳು ಬಂದಿದ್ದರು. ಗಾದಿಯಣ್ಣ ಅಕ್ಕನ ಪಕ್ಕದಲ್ಲಿ ನಿಂತು ಸಾಕ್ಷಿ ಸಹಿ ಹಾಕಿದ. ಹಾಕಿದ ಸಹಿಯನ್ನು ಎರಡು ಸಲ ನೋಡಿ ಮೀಸೆಯಡಿಯಲ್ಲೇ ನಕ್ಕ. ಹೊರಗೆ ಎಲ್ಲರೂ ಸಿಹಿ ಹಂಚಿಕೊಂಡು ತಿಂದರು. ಕಂಡಕ್ಟರಿಗೆ ಹಳೆಯ ಗೆಳೆಯರು ಹಳೆಯ ಸೀಟಿ ಕೊಟ್ಟು ಊದಿಸಿದರು. ಊದಿದ ರಭಸಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬಸ್ಸು ನಿಂತೇಬಿಟ್ಟಿತು.

ಹೊಸ ಗಂಡ ಹೆಂಡತಿ ಇಬ್ಬರೂ ನಾಲ್ಕು ದಿನ ಸಮುದ್ರ ನೋಡಿ ಬರುವುದೆಂದು ಗೊತ್ತಾಗಿತ್ತು. ಅಕ್ಕ ಈವರೆಗೆ ಸಮುದ್ರ ಕಂಡವಳಲ್ಲ. ಅವರ ಬಸ್ಸು ಬಂತು. ಕಂಡಕ್ಟರು ಚೀಲ ಹಿಡಿದು ಮೊದಲು ಹತ್ತಿ, ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಕೈ ಚಾಚಿದ. ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತಳು. ತಿರುಗಿ ತಮ್ಮನ ಮುಖ ನೋಡಿದಳು.

"ಹೋಗ್ಲೇನೋ?" ಎಂದು ಕೇಳಿದಳು.

ತನಗೆ ತಿಳಿವು ಬಂದಾಗಿನಿಂದ ಅಕ್ಕ ಯಾರನ್ನೂ ಏನನ್ನೂ ಕೇಳಿದ್ದನ್ನು ಗಾದಿಯಣ್ಣ ಕಂಡಿರಲಿಲ್ಲ. ಇಷ್ಟು ವರ್ಷ ಅವಳು ಹೊರಟು ನಿಂತಾಗಲೆಲ್ಲ ತಾನೇ ಅವಳ ದಾರಿಗೆ ಅಡ್ಡವಾಗಿದ್ದೆ ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಕಣ್ಣಿನಲ್ಲಿ ಅದರ ಕಹಿ ಎಳ್ಳಷ್ಟೂ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು.

ಅವನ ಕಣ್ಣಿಂದ ನೀರು ಇಳಿದೇಬಿಟ್ಟಿತು. ಆದರೂ ಬಾಯಿ ತುಂಬ ನಗುತ್ತಿದ್ದ.

"ಹೋಗಕ್ಕ," ಎಂದ. "ನಾನೀಗ ದೊಡ್ಡವನಾಗಿದ್ದೀನಿ."

ಅಕ್ಕ ಇನ್ನೊಂದು ಕಾಲನ್ನೂ ಮೇಲಿಟ್ಟು ಬಸ್ಸಿನೊಳಗೆ ಹೋದಳು.